ಕೆಟೂರಾಳಿಗಾಗಿ ಮಾಡಿದ ಪ್ರಾರ್ಥನೆ

ನಮ್ಮ ಕಸೀನಾ ದ್ವೀಪದ ಚರ್ಚಿನ ಜನ ಬೆಳಿಗ್ಗೆ ಆರು ಗಂಟೆಗೆ ಒಂದೇ ನಂಬರಿಗೆ ಫೋನು ಮಾಡುತ್ತಾರೆ. ಹಾಸಿಗೆ ಹಿಡಿದವರು ಹಾಸಿಗೆಯಿಂದ, ರೆಸಾರ್ಟಿನಲ್ಲಿ ರೂಮು ಗುಡಿಸಲು ಹೋಗುವವರು ಬಸ್ಸಿನಿಂದ, ಊರು ಬಿಟ್ಟು ಫಿಲಡೆಲ್ಫಿಯಾ ಸೇರಿದವರು ಅಲ್ಲಿಂದ. ಸುಮಾರು ನೂರ ನಲವತ್ತು ಜನ. ಒಬ್ಬರು ಪ್ರಾರ್ಥನೆ ಮಾಡುತ್ತಾರೆ, ಉಳಿದವರು ಕೇಳಿಸಿಕೊಂಡು ಆಮೆನ್ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಇದನ್ನು ನಡೆಸಿಕೊಂಡು ಬಂದವಳು ನಾನು, ವರ್ಡೆಲ್ ಗ್ಯಾಡ್ಸನ್. ಮೊದಲು ಕಾಯಿಲೆಯವರ ಪಟ್ಟಿ, ಆಮೇಲೆ ಜೈಲಿನಲ್ಲಿರುವ ಮಕ್ಕಳ ಪಟ್ಟಿ, ಆಮೇಲೆ ಉಳಿದದ್ದು. ಆರೂವರೆಗೆ ಮುಗಿಸಿಬಿಡುತ್ತೇನೆ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬಡಿಸಿದವಳು ನಾನು. ದೇವರನ್ನೇ ಆಗಲಿ, ಮಕ್ಕಳನ್ನೇ ಆಗಲಿ, ಸಾಲಿನಲ್ಲಿ ಕಾಯಿಸುವುದು ನನಗೆ ಆಗದು.

ಈ ಹನ್ನೊಂದು ವರ್ಷದಲ್ಲಿ ನಾನು ದೇವರ ಮುಂದೆ ಒಂದೇ ಒಂದು ಸಲ ಸುಳ್ಳು ಹೇಳಿದೆ. ಅದು ಸುಳ್ಳೆಂದು ವರ್ಡೆಲ್‌ಗೆ ಗೊತ್ತಿರಲಿಲ್ಲ ಪಾಪ ಎಂದು ನನ್ನ ಪರವಾಗಿ ಹೇಳುವವರು ಬಹಳ ಜನ ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಗೊತ್ತು ಮಾಡಿಕೊಳ್ಳಲು ಒಂದು ಕರೆ ಸಾಕಿತ್ತು, ಫೋನು ನನ್ನ ಕೈಯಲ್ಲೇ ಇತ್ತು.

ಕೆಟೂರಾ ನನ್ನ ತಂಗಿ ರೆನೆಟಾಳ ಮಗಳು. ತಂಗಿ ತೀರಿಕೊಂಡಾಗ ಹುಡುಗಿಗೆ ಹತ್ತು ವರ್ಷ. ಅಲ್ಲಿಂದ ನನ್ನ ಮನೆಯಲ್ಲೇ ಬೆಳೆದಳು. ಈಗ ಅವಳಿಗೆ ನಲವತ್ತಾರು, ಅವಳಿಗೇ ಹದಿನಾಲ್ಕರ ಮಗಳಿದ್ದಾಳೆ. ವಕೀಲರೊಬ್ಬರ ಕಚೇರಿಯಲ್ಲಿ ಜಮೀನಿನ ಕಾಗದಪತ್ರ ನೋಡುವ ಕೆಲಸ. ನಮ್ಮ ದ್ವೀಪದಲ್ಲಿ ಅದು ಡಾಕ್ಟರಿಕೆಗಿಂತ ದೊಡ್ಡ ಕೆಲಸ. ಗುಲಾಮಗಿರಿ ಹೋದ ಕಾಲದಲ್ಲಿ ನಮ್ಮ ಹಿರಿಯರು ಕೊಂಡ ನೆಲ ಇದು. ಅವರು ಉಯಿಲು ಬರೆಯದೆ ಸತ್ತರು, ಅವರ ಮಕ್ಕಳೂ ಹಾಗೇ ಸತ್ತರು, ಈಗ ಒಂದೊಂದು ತುಂಡಿಗೂ ಎಂಬತ್ತು ಜನ ವಾರಸುದಾರರು. ಅವರಲ್ಲಿ ಯಾವನೋ ಒಬ್ಬನನ್ನು ಡೆಟ್ರಾಯಿಟ್‌ನಲ್ಲಿ ಹುಡುಕಿ, ಅವನ ಪಾಲನ್ನು ಕೊಂಡು, ಅದೇ ನೆಪದಲ್ಲಿ ಕೋರ್ಟಿಗೆ ಹೋಗಿ ಇಡೀ ತುಂಡನ್ನು ಹರಾಜಿಗೆ ತರುವುದು ರೆಸಾರ್ಟಿನವರ ಹಳೆಯ ವಿದ್ಯೆ. ಸಮುದ್ರದ ಕಡೆಯ ಅರ್ಧ ದ್ವೀಪ ಹಾಗೇ ಹೋಯಿತು. ನಮ್ಮ ಒಂದು ಸ್ಮಶಾನ ಅವರ ಗೇಟಿನ ಒಳಗೇ ಉಳಿದುಬಿಟ್ಟಿದೆ. ಅಜ್ಜಿಯ ಸಮಾಧಿಗೆ ಹೂವಿಡಬೇಕಾದರೆ ಕಾವಲಿನವನ ಹತ್ತಿರ ಹೆಸರು ಬರೆಸಿ ಹೋಗಬೇಕು. ನಮ್ಮ ಕೈಯಲ್ಲಿ ಇನ್ನೂ ಇರುವುದು ಹೊಳೆದಂಡೆಯ ಸ್ಮಶಾನ ಒಂದೇ.

ಕೆಟೂರಾ ಇಪ್ಪತ್ತು ವರ್ಷ ಮನೆಮನೆಗೆ ಹೋಗಿ, ಟ್ರಂಕುಗಳ ತಳದಿಂದ ಹಳೆಯ ಕಾಗದ ತೆಗೆಸಿ, ವಾರಸುದಾರರನ್ನೆಲ್ಲ ಹುಡುಕಿ ಸಹಿ ಹಾಕಿಸಿ, ಎಷ್ಟೋ ಕುಟುಂಬಗಳ ನೆಲ ಉಳಿಸಿದಳು. ಒಂದನ್ನು ಉಳಿಸುವಷ್ಟರಲ್ಲಿ ಜಿಲ್ಲೆಯ ಆಡಳಿತ ನಡೆಸುವ ಕೌಂಟಿ ಕೌನ್ಸಿಲ್‌ನವರು ಇನ್ನೆರಡಕ್ಕೆ ರೆಸಾರ್ಟು ಕಟ್ಟಲು ಒಪ್ಪಿಗೆ ಕೊಟ್ಟಿರುತ್ತಿದ್ದರು. ಕೊನೆಗೆ ಅವಳಿಗೆ ರೇಗಿಹೋಗಿ, ಆ ಕೌನ್ಸಿಲ್ಲಿಗೇ ಚುನಾವಣೆಗೆ ನಿಂತಳು. ನಮ್ಮ ಕಡೆಯಿಂದ ಒಬ್ಬ ಕಪ್ಪು ಹೆಂಗಸು ಅಲ್ಲಿ ಕೂತದ್ದು ಈವರೆಗೆ ಇಲ್ಲ.

ಮಾರ್ಚಿನಲ್ಲಿ ಅವಳ ಮುಖದ ಬೋರ್ಡುಗಳು ರಸ್ತೆ ಬದಿಯಲ್ಲಿ ಎದ್ದವು. ಏಪ್ರಿಲ್ ಹೊತ್ತಿಗೆ ಅವಳ ಫೋನಿನಲ್ಲಿ ಹೊಲಸು ತುಂಬಿ ಹರಿಯತೊಡಗಿತು. ಮಂಗನ ಮೈಗೆ ಅವಳ ಮುಖ ಅಂಟಿಸಿದ ಚಿತ್ರಗಳು. ಅವಳ ಕೂದಲಿನ ಬಗ್ಗೆ, ಅವಳು ಯಾರ ಹಾಸಿಗೆ ಏರಿ ಇಲ್ಲಿಗೆ ಬಂದಳು ಎನ್ನುವುದರ ಬಗ್ಗೆ. ಬಂದ ಕಡೆಗೇ ಹೋಗು ಎಂದು ಬರೆದವರಲ್ಲಿ ಅರ್ಧ ಜನ ಓಹಾಯೋದಿಂದ ಮೊನ್ನೆ ಮೊನ್ನೆ ಬಂದು ರೆಸಾರ್ಟಿನ ಗೇಟಿನೊಳಗೆ ಮನೆ ಮಾಡಿದವರು. ನಾವು ಇಲ್ಲಿಗೆ ಬಂದು ಎಂಟು ತಲೆಮಾರಾಯಿತು. ಒಬ್ಬ ಅವಳ ಮಗಳ ಶಾಲಾ ಬಸ್ಸಿನ ನಂಬರು ಬರೆದು, ಅದರ ಕೆಳಗೆ ಏನೂ ಬರೆಯದೆ ಬಿಟ್ಟಿದ್ದ.

ಅವಳು ಇದನ್ನೆಲ್ಲ ಓದಿದರೆ ಜನರ ಮುಂದೆ ನಗುನಗುತ್ತಾ ನಿಲ್ಲುವುದು ಹೇಗೆ? ಚುನಾವಣೆಗೆಂದು ಒಂದು ಬೇರೆ ಫೋನಿತ್ತು. ಅದನ್ನು ನಾನು ತೆಗೆದುಕೊಂಡೆ. ಊಟವಾದ ಮೇಲೆ ದಿನವೂ ಕನ್ನಡಕ ಹಾಕಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದೆ. ಜೀವದ ಬೆದರಿಕೆ ಇದ್ದರೆ ಹೆಸರು, ತಾರೀಕು ಬರೆದಿಟ್ಟು ಪೊಲೀಸರಿಗೆ ಕೊಡುವುದು, ಉಳಿದದ್ದನ್ನು ಅಳಿಸುವುದು. ಕೆಲವು ಹೆಸರುಗಳು ನನಗೆ ಗುರುತಿನವೇ. ಅವಳನ್ನು ನೇಣು ಹಾಕಬೇಕು ಎಂದವನೊಬ್ಬನಿಗೆ ಎರಡನೇ ತರಗತಿಯಲ್ಲಿ ಕೇಳಿದಾಗಲೆಲ್ಲ ಇನ್ನೊಂದು ಜೋಳದ ರೊಟ್ಟಿ ಹಾಕಿದ ಕೈ ಇದು.

ಚರ್ಚು ಅವಳ ಹಿಂದೆ ನಿಂತಿತು. ಗಂಡಸರು ಪಾಳಿಯ ಮೇಲೆ ಅವಳ ಅಂಗಳದಲ್ಲಿ ಟ್ರಕ್ಕು ನಿಲ್ಲಿಸಿಕೊಂಡು ಕೂತರು. ಬೆಳಗಿನ ಪ್ರಾರ್ಥನೆಯಲ್ಲಿ ಕಾಯಿಲೆಯವರ ಪಟ್ಟಿಗಿಂತ ಮೊದಲು ಅವಳ ಹೆಸರು ಬರುತ್ತಿತ್ತು. ಹೊರಗಿನಿಂದ ಕಲ್ಲು ಬಿದ್ದಷ್ಟೂ ನಮ್ಮವರು ಒಟ್ಟಾದರು. ಏಳು ತಿಂಗಳು ಆ ಹೊಲಸು ಓದಿದ ಮೇಲೆ ಸುಳ್ಳಿನ ಮುಖ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಾಗಿದೆ ಎಂದುಕೊಂಡೆ. ಅದು ಬೈಯುತ್ತಾ ಬರುತ್ತದೆ, ಅದಕ್ಕೆ ನಮ್ಮ ಬಣ್ಣ ಕಂಡರಾಗದು, ಕಾಗುಣಿತ ಬಾರದು. ಬಾಗಿಲಲ್ಲೇ ಗುರುತು ಹಿಡಿಯಬಲ್ಲೆ ಎನ್ನುವ ಜಂಬ ನನಗೆ.

ಅಕ್ಟೋಬರ್ ಕೊನೆಯಲ್ಲಿ, ಮತದಾನಕ್ಕೆ ಹದಿಮೂರು ದಿನ ಇರುವಾಗ, ಒಂದು ಬುಧವಾರ ಮಧ್ಯಾಹ್ನ ಸಿಸ್ಟರ್ ಲೂವೀನಿಯಾ ಕೇಪರ್ಸ್ ನನಗೊಂದು ವೀಡಿಯೋ ಕಳಿಸಿದರು. ಲೂವೀನಿಯಾಗೆ ಎಂಬತ್ತೊಂದು ವರ್ಷ. ಚರ್ಚಿನ ಹಿರಿಯ ಹೆಂಗಸರಲ್ಲೆಲ್ಲ ಮೊದಲನೆಯವರು. ಅವರ ಗಂಡ, ಇಬ್ಬರು ಮಕ್ಕಳು, ಮೂವರೂ ಹೊಳೆದಂಡೆಯ ಸ್ಮಶಾನದಲ್ಲಿ ಮಲಗಿದ್ದಾರೆ. ವೀಡಿಯೋ ಬಂದದ್ದು ‘ನಮ್ಮ ಹಿರಿಯರ ನೆಲ’ ಎನ್ನುವ ಪೇಜಿನಿಂದ. ಅದರಲ್ಲಿ ಒಂದೂ ಬೈಗುಳವಿಲ್ಲ. ಮೇಲೆ ನಮ್ಮ ಸ್ಮಶಾನದ ಓಕ್ ಮರಗಳ ಚಿತ್ರ. ಕೆಳಗೆ, ದಾರಿ ತಪ್ಪಿದ ನಮ್ಮ ಸಹೋದರಿ ಕೆಟೂರಾಳಿಗಾಗಿ ಪ್ರಾರ್ಥಿಸಿರಿ, ಅವಳನ್ನು ದ್ವೇಷಿಸಬೇಡಿರಿ ಎಂಬ ಮಾತು. ನಡುವೆ ಒಂದು ಚಿತ್ರ: ಕೆಟೂರಾ ತಲೆಗೆ ಕಟ್ಟಡ ಕೆಲಸದವರ ಹಳದಿ ಟೋಪಿ ಹಾಕಿಕೊಂಡು ರೆಸಾರ್ಟಿನ ಯಜಮಾನನ ಪಕ್ಕದಲ್ಲಿ ನಿಂತಿದ್ದಾಳೆ, ಹಿಂದೆ ಸಮಾಧಿಗಳ ನಡುವೆ ಸರ್ವೆಯವರ ಕೆಂಪು ಬಾವುಟಗಳು. ಸೆಪ್ಟೆಂಬರ್ ಹತ್ತೊಂಬತ್ತು ಎಂದು ತಾರೀಕೂ ಇತ್ತು. ಆಮೇಲೆ ಅವಳ ಧ್ವನಿ.

"ಅಲ್ಲಿ ಮಲಗಿರೋರು ಎದ್ದು ಬಂದು ಕೇಳ್ತಾರಾ? ಎತ್ತಿ ಬೇರೆ ಕಡೆ ಹಾಕಿದ್ರಾಯ್ತು. ನಮ್ಮ ಜನಕ್ಕೆ ನಾನು ಹೇಳ್ತೀನಿ, ನನ್ನ ಮಾತು ಕೇಳ್ತಾರೆ."

ಆರು ಸಲ ಕೇಳಿದೆ. ಮಾತು ಶುರು ಮಾಡುವ ಮುಂಚೆ ಕೆಟೂರಾ ಒಂದು ಸಲ ಗಂಟಲು ಸರಿ ಮಾಡಿಕೊಳ್ಳುತ್ತಾಳೆ, ಹತ್ತು ವರ್ಷದವಳಿದ್ದಾಗಿನಿಂದ ಇರುವ ಅಭ್ಯಾಸ. ಅದೂ ಅದರಲ್ಲಿತ್ತು. ನಾನು ನಂಬಿದೆ. ನನ್ನ ತಂಗಿಯೂ ಅದೇ ನೆಲದಲ್ಲಿದ್ದಾಳಲ್ಲ, ಹೆತ್ತ ತಾಯಿಯನ್ನೇ ಎತ್ತಿ ಹಾಕಲು ಹೊರಟಳೇ ಇವಳು ಎಂದುಕೊಂಡೆ.

ಅವಳಿಗೆ ಯಾಕೆ ಫೋನು ಮಾಡಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ನಿಜ ಹೇಳಬೇಕೆಂದರೆ ನನಗೆ ನನ್ನ ಮಾನದ ಚಿಂತೆ. ವರ್ಡೆಲ್‌ಗೆ ಎಲ್ಲ ಗೊತ್ತಿತ್ತು, ಮನೆ ಮಗಳೆಂದು ಮುಚ್ಚಿಟ್ಟಳು ಎಂದು ಜನ ಆಡಿಕೊಳ್ಳುವ ಮೊದಲು ನಾನೇ ಹೇಳಿಬಿಡಬೇಕಿತ್ತು. ದೇವರ ಮುಂದೆ ಹೇಳಿದರೆ ಚಾಡಿ ಹೇಳಿದ ಹಾಗೂ ಆಗುವುದಿಲ್ಲ. ಇದು ನಮ್ಮ ಜನರ ಒಂದು ಜಾಣತನ: ಪಕ್ಕದ ಮನೆಯವರ ವಿಷಯವನ್ನು ಪಕ್ಕದ ಮನೆಯವರ ಕಿವಿಗೇ ಹಾಕಬೇಕಾದರೆ ಕಣ್ಣು ಮುಚ್ಚಿ ಕರ್ತನಿಗೆ ಒಪ್ಪಿಸುತ್ತೇವೆ.

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಕಾಯಿಲೆಯವರನ್ನೂ ಜೈಲಿನ ಮಕ್ಕಳನ್ನೂ ಮುಗಿಸಿ ನಾನು ಹೀಗೆ ಪ್ರಾರ್ಥಿಸಿದೆ: "ಕರ್ತನೇ, ನನ್ನ ತಂಗಿಯ ಮಗಳನ್ನ ಕ್ಷಮಿಸು. ಅಧಿಕಾರದ ಆಸೆಗೆ ಬಿದ್ದು ನಮ್ಮ ಸತ್ತವರನ್ನ ಮಾರೋಕೆ ಹೊರಟಿದ್ದಾಳೆ. ಅವಳನ್ನ ಸಾಕಿದ್ದು ನಾನೇ. ನನ್ನ ಸಾಕಣೆಯಲ್ಲೇ ಏನೋ ತಪ್ಪಾಯ್ತು." ಫೋನಿನ ಆ ತುದಿಯಿಂದ ಒಬ್ಬರಾದ ಮೇಲೊಬ್ಬರು ನಿಟ್ಟುಸಿರು ಬಿಟ್ಟು ಹೌದು ಕರ್ತನೇ, ಹೌದು ಕರ್ತನೇ ಎಂದರು. ನಾನು ಅತ್ತೆ. ಆರೂವರೆಗೆ ಸರಿಯಾಗಿ ಮುಗಿಸಿದೆ.

ಕರೆ ತಪ್ಪಿಸಿಕೊಂಡವರು ಆಮೇಲೆ ಕೇಳಲಿ ಎಂದು ಪ್ರತಿದಿನದ ಪ್ರಾರ್ಥನೆಯೂ ತಾನಾಗಿ ರೆಕಾರ್ಡ್ ಆಗುತ್ತದೆ. ಆ ನಂಬರು ಗೊತ್ತಿದ್ದವರು ಯಾರು ಬೇಕಾದರೂ ಕೇಳಬಹುದು. ಬಾಗಿಲು ಹಾಕಿದ ಮನೆಯಲ್ಲ ಅದು. ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಪ್ರಾರ್ಥನೆಯ ಅಷ್ಟು ಭಾಗ ಮಾತ್ರ ಕತ್ತರಿಸಿ ಆ ಪೇಜಿನಲ್ಲಿ ಹಾಕಿದ್ದರು. ಕೈ ಜೋಡಿಸಿದ ಚಿತ್ರ, ಮೇಲೆ ಒಂದು ಸಾಲು: ಅವಳನ್ನು ಸಾಕಿದ ತಾಯಿಯೇ ಏನು ಹೇಳುತ್ತಾರೆ, ಕೇಳಿರಿ.

ಒಂದು ಗಂಟೆಗೆ ಕೆಟೂರಾ ಕಚೇರಿಯಿಂದ ನೇರ ನನ್ನ ಅಡುಗೆಮನೆಗೆ ಬಂದಳು. ನಾನು ಸಿಗಡಿಯ ತಲೆ ಕೀಳುತ್ತಿದ್ದೆ. ಅವಳು ಕೂರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ನನ್ನ ಪ್ರಾರ್ಥನೆಯನ್ನು ನನಗೇ ಕೇಳಿಸಿದಳು.

"ಇದು ನೀವೇನಾ ಆಂಟಿ?"

"ನಾನೇ," ಎಂದೆ. ಇನ್ನೂ ಗರ್ವದಲ್ಲೇ ಇದ್ದೆ.

"ಇದನ್ನೂ ಆ ಪೇಜಿನೋರೇ ಮಾಡಿಸಿರ್ಬೇಕು, ನಿಮ್ಮ ಧ್ವನೀನೂ ಕದ್ದಿರ್ಬೇಕು ಅಂತ ದಾರಿ ಉದ್ದಕ್ಕೂ ಅಂದ್ಕೊಂಡ್ ಬಂದೆ."

ಆಗ ನನ್ನ ಕೈ ನಿಂತಿತು. ಅವಳು ಅಳುತ್ತಿರಲಿಲ್ಲ. ಸೆಪ್ಟೆಂಬರ್ ಹತ್ತೊಂಬತ್ತರಂದು ತಾನೆಲ್ಲಿದ್ದೆ ಎಂದು ನನ್ನನ್ನೇ ಕೇಳಿದಳು. ನನಗೆ ನೆನಪಾಗಲಿಲ್ಲ.

"ನಿಮ್ಮ ಕಣ್ಣಿನ ಆಪರೇಷನ್ ಆಂಟಿ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರ ತನಕ ಆಸ್ಪತ್ರೆ ಕುರ್ಚಿ ಮೇಲೆ ಕೂತಿದ್ದೆ. ನೀವು ಎದ್ದ ತಕ್ಷಣ ಪೀಚ್ ಐಸ್ ಕ್ರೀಮ್ ಬೇಕು ಅಂದ್ರಿ. ತಂದ್ಕೊಟ್ಟೆ."

ಆ ಕಣ್ಣಿನಿಂದಲೇ ನಾನು ಆ ಚಿತ್ರ ನೋಡಿದ್ದು. ಅವಳು ಯಾವತ್ತೂ ಆ ಯಜಮಾನನ ಪಕ್ಕ ನಿಂತಿರಲಿಲ್ಲ, ಚಿತ್ರ ಜೋಡಿಸಿದ್ದು. ಧ್ವನಿಯನ್ನು ಕಂಪ್ಯೂಟರ್ ಕೈಯಲ್ಲಿ ಮಾಡಿಸಿದ್ದು. ಮೇ ತಿಂಗಳಲ್ಲಿ ನಮ್ಮ ಚರ್ಚಿನ ಹೆಂಗಸರ ದಿನದಂದು ಅವಳು ಮಾಡಿದ ಭಾಷಣ ಇಂಟರ್ನೆಟ್ಟಿನಲ್ಲಿದೆ, ಇಪ್ಪತ್ತು ನಿಮಿಷದ್ದು. ಅಷ್ಟಿದ್ದರೆ ಧಾರಾಳವಾಯಿತಂತೆ. ಇದನ್ನೆಲ್ಲ ಅವಳು ಗುಮಾಸ್ತರಿಗೆ ಕಾಗದ ವಿವರಿಸುವ ಹಾಗೆ ತಣ್ಣಗೆ ಹೇಳಿದಳು. ಸಿಗಡಿ ನಾರುತ್ತಿದ್ದ ಕೈಯಲ್ಲೇ ಅವಳನ್ನು ಹಿಡಿದುಕೊಳ್ಳಲು ಹೋದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನಮ್ಮನ್ನ ಮಂಗ ಅಂದೋರನ್ನ ನೀವು ಒಂದಿನಾನೂ ನಂಬ್ಲಿಲ್ಲ," ಎಂದಳು. "ನನಗೋಸ್ಕರ ಪ್ರಾರ್ಥನೆ ಮಾಡಿ ಅಂದೋರನ್ನ ಒಂದೇ ಸಲಕ್ಕೆ ನಂಬಿಬಿಟ್ರಲ್ಲ."

ಹೋಗುವಾಗ ಮೇಜಿನ ಡ್ರಾಯರು ಎಳೆದು ಆ ಚುನಾವಣೆಯ ಫೋನನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಇನ್ನು ಮೇಲೆ ತಾನೇ ಓದಿಕೊಳ್ಳುತ್ತೇನೆ ಎಂದಳು.

ಆ ಸಂಜೆಯೇ ಅವಳು ವೀಡಿಯೋದ ಬಗ್ಗೆ ಆ ಪೇಜಿಗೆ ಜಾಗ ಕೊಟ್ಟ ಇಂಟರ್ನೆಟ್ ಕಂಪನಿಗೆ ದೂರು ಕೊಟ್ಟಳು. ನಕಲಿ ಧ್ವನಿಯನ್ನು ಪರಿಶೀಲಿಸುತ್ತೇವೆ ಎಂದರು, ನಾಲ್ಕು ದಿನ ಬಿಟ್ಟು ತೆಗೆದೂ ಹಾಕಿದರು. ನನ್ನ ಪ್ರಾರ್ಥನೆ ಮಾತ್ರ ಹೋಗಲಿಲ್ಲ. ಅದು ಅಸಲಿ, ಯಾವ ನಿಯಮಕ್ಕೂ ವಿರುದ್ಧವಿಲ್ಲ ಎಂದು ಉತ್ತರ ಬಂತು. ಅವರು ಹೇಳಿದ್ದೂ ಸರಿಯೇ. ಆ ಪೇಜಿನಲ್ಲಿದ್ದದ್ದರಲ್ಲಿ ನಿಜವಾದದ್ದು ಅದೊಂದೇ, ಎಲ್ಲಕ್ಕಿಂತ ಹೆಚ್ಚು ಕೇಡು ಮಾಡಿದ್ದೂ ಅದೇ. ಗೇಟಿನೊಳಗಿನವರೂ ಅದನ್ನು ಕುಣಿದಾಡಿಕೊಂಡು ಹಂಚಿದರು, ಅವಳ ಜನಕ್ಕೇ ಅವಳು ಬೇಡವಂತೆ ಎಂದು. ಅಷ್ಟರಲ್ಲಿ, ನಿಗದಿಯಾದ ದಿನಕ್ಕೆ ಮೊದಲೇ ವೋಟು ಹಾಕಬಹುದಾದ ಮುಂಗಡ ಮತದಾನ ಶುರುವಾಗಿತ್ತು. ದಿನ ಬೆಳಗಾದರೆ ನಮ್ಮವರು ಸಾಲಿನಲ್ಲಿ ನಿಂತು ವೋಟು ಹಾಕಿ ಬರುತ್ತಿದ್ದರು. ನಾನು ತಡ ಮಾಡಿದ ಒಂದೊಂದು ಗಂಟೆಗೂ ಅವಳ ಎಷ್ಟೋ ವೋಟು ಹೋಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಆರಕ್ಕೆ, ಕಾಯಿಲೆಯವರ ಪಟ್ಟಿಗೂ ಮೊದಲು, ನಿನ್ನೆ ನಾನು ಹೇಳಿದ್ದು ಶುದ್ಧ ಸುಳ್ಳು, ಮೋಸ ಹೋದೆ, ಹುಡುಗಿ ಅವತ್ತು ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದಳು ಎಂದೆ. ಯಾರೂ ಆಮೆನ್ ಅನ್ನಲಿಲ್ಲ. ಯಾರದೋ ಮನೆಯ ನಲ್ಲಿಯ ಸದ್ದು ಕೇಳುತ್ತಿತ್ತು. ಮುಗಿದ ಮೇಲೆ ಲೂವೀನಿಯಾ ಫೋನು ಮಾಡಿದರು. ಸಮಾಧಾನ ಮಾಡುವವರ ದನಿಯಲ್ಲೇ ಮಾತಾಡಿದರು.

"ನೋಡು ವರ್ಡೆಲ್, ನಿನ್ನೆ ನೀನು ದೇವರ ಹತ್ರ ಮಾತಾಡ್ದೆ. ಇವತ್ತು ನಮ್ಮ ಹತ್ರ ಮಾತಾಡ್ದೆ. ದೇವರ ಹತ್ರ ಯಾರೂ ಸುಳ್ಳು ಹೇಳಲ್ಲಮ್ಮ. ಮನೆ ಮಗಳನ್ನ ಉಳಿಸ್ಕೊಳ್ಳೋಕೆ ನಮ್ಮ ಹತ್ರ ಹೇಳ್ತಾರೆ. ನಾನಾದ್ರೂ ಹೇಳ್ತಿದ್ದೆ."

ಆ ಲೆಕ್ಕಾಚಾರವನ್ನು ಅವರಿಗೆ ಕಲಿಸಿದವಳೇ ನಾನು. ಹನ್ನೊಂದು ವರ್ಷ, ಪ್ರಾರ್ಥನೆಯಲ್ಲಿ ಆಡಿದ ಮಾತಿಗೆ ಎರಡಿಲ್ಲ ಎಂದು ಹೇಳಿಕೊಟ್ಟವಳು. ಮುಂದಿನ ವಾರವೆಲ್ಲ ಮನೆಮನೆ ಸುತ್ತಿದೆ. ಎಲ್ಲ ಕಡೆಯೂ ಕೂರಿಸಿ ತಂಪು ಚಹಾ ಕೊಟ್ಟರು, ಕೈ ಹಿಡಿದುಕೊಂಡರು, ಮನೆಯೊಳಗೆ ನಿನಗೆಷ್ಟು ಕಷ್ಟವೋ ಎಂದು ಮರುಗಿದರು. ಆಸ್ಪತ್ರೆಯ ಚೀಟಿ ತೋರಿಸಿದರೆ, ಅದರಲ್ಲಿ ನಿನ್ನ ಹೆಸರಿದೆಯೇ ಹೊರತು ಅವಳದ್ದೆಲ್ಲಿದೆ ಎಂದು ಒಬ್ಬರು ಕೇಳಿದರು.

ಆಗ ನನಗೆ ‘ನಿಲ್ಲಿಸುವುದು’ ನೆನಪಾಯಿತು. ಈಗಿನವರಿಗೆ ಅದು ಗೊತ್ತಿಲ್ಲ. ಮದುವೆಯಾಗದ ಹುಡುಗಿ ಬಸುರಾದರೆ ಭಾನುವಾರ ಇಡೀ ಸಭೆಯ ಮುಂದೆ ಬರಿತಲೆಯಲ್ಲಿ ನಿಂತು ತಪ್ಪೊಪ್ಪಿಕೊಂಡು ಕ್ಷಮೆ ಕೇಳಬೇಕು. ನಮ್ಮ ಹೆಂಗಸರು ಟೋಪಿಯಿಲ್ಲದೆ ಚರ್ಚಿಗೆ ಬರುವವರಲ್ಲ, ಅದಕ್ಕೇ ಮೊದಲು ಟೋಪಿ ತೆಗೆಸುತ್ತಿದ್ದರು. ನನ್ನ ತಂಗಿ ರೆನೆಟಾಳನ್ನು ಹದಿನೇಳನೇ ವಯಸ್ಸಿನಲ್ಲಿ ಹಾಗೆ ನಿಲ್ಲಿಸಿದರು. ಅವಳ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತವಳು ನಾನು. ಬಸುರು ಮಾಡಿದವನು ಹಾಡುವವರ ಸಾಲಿನಲ್ಲಿ ಪುಸ್ತಕ ಹಿಡಿದು ನಿಂತಿದ್ದ, ಅವನನ್ನು ಯಾರೂ ಏನೂ ಕೇಳಲಿಲ್ಲ. ಆ ಹೊಟ್ಟೆಯಲ್ಲಿದ್ದವಳೇ ಕೆಟೂರಾ. ಆ ಪದ್ಧತಿ ನಿಂತು ಮೂವತ್ತು ವರ್ಷದ ಮೇಲಾಯಿತು.

ನನ್ನನ್ನು ನಿಲ್ಲಿಸಿ ಎಂದು ಪಾಸ್ಟರ್ ಡ್ಯಾಂಟ್ಸ್ಲರ್ ಹತ್ತಿರ ಹೋಗಿ ಕೇಳಿದೆ. ಮೂವತ್ತನಾಲ್ಕರ ಹುಡುಗ, ಬಹಳ ಓದಿದವನು. ಅಂಥ ಅವಮಾನದ ಪದ್ಧತಿ ಮತ್ತೆ ಬೇಡ ಮಿಸ್ ವರ್ಡೆಲ್ ಎಂದು ಬೇಡಿಕೊಂಡ.

"ಅವಮಾನ ಆಗ್ಲಿ ಅಂತಾನೇ ಕೇಳ್ತಿರೋದಪ್ಪ," ಎಂದೆ. "ಸುಮ್ನೆ ಹೇಳಿದ್ರೆ ಯಾರೂ ನಂಬ್ತಿಲ್ಲ. ಮಾನ ಕೊಟ್ಟು ಹೇಳಿದ್ರೆ ನಂಬ್ತಾರೇನೋ."

ಕೆಟೂರಾಳಿಗೂ ಹೇಳಿದೆ. ನಿಮ್ಮಿಷ್ಟ ಆಂಟಿ, ಅದರಿಂದ ನನಗೇನಾಗುತ್ತೋ ಗೊತ್ತಿಲ್ಲ ಎಂದಳು. ಭಾನುವಾರ ಮಗಳ ಜೊತೆ ಬಂದು ಮೂರನೇ ಸಾಲಿನಲ್ಲಿ ಕೂತಳು. ಮತದಾನಕ್ಕೆ ಎರಡು ದಿನವಿತ್ತು.

ಎಪ್ಪತ್ತೆರಡನೇ ವಯಸ್ಸಿನಲ್ಲಿ, ಬೆಳ್ಳಗಾದ ಬರಿತಲೆಯಲ್ಲಿ, ನಾನು ಆ ಸಭೆಯ ಮುಂದೆ ನಿಂತೆ. ಮುನ್ನೂರು ಜನ. ಅವರಲ್ಲಿ ಅರ್ಧಕ್ಕರ್ಧ ನನ್ನ ಕೈಯಿಂದ ತಟ್ಟೆ ಇಸಕೊಂಡು ತಿಂದವರು. ನಾನು ದೇವರ ಮುಂದೆ ಸುಳ್ಳು ಹೇಳಿದೆ ಎಂದೆ. ಒಂದು ಸಲ ಕೇಳಿದ್ದರೆ ತಿಳಿಯುತ್ತಿತ್ತು, ನನ್ನ ಹೆಸರು ಉಳಿಸಿಕೊಳ್ಳುವ ಅವಸರಕ್ಕೆ ನಾನು ಸಾಕಿದ ಮಗಳನ್ನು ಕೇಳಲಿಲ್ಲ ಎಂದೆ. ಈ ಹೆಣ್ಣುಮಗಳು ಇಪ್ಪತ್ತು ವರ್ಷ ನಿಮ್ಮ ನೆಲ ಕಾದಳು, ನಿಮ್ಮ ಸತ್ತವರನ್ನೂ ಕಾದಳು, ಅವಳ ತಪ್ಪು ಒಂದೂ ಇಲ್ಲ ಎಂದೆ. ಬೇರೆ ಮಾತು ಸಿಗಲಿಲ್ಲ.

ಆಮೇಲೆ ಲೂವೀನಿಯಾ ಕೋಲೂರಿಕೊಂಡು ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಸಾಲು. ಯಾರೋ ಹಾಡು ಎತ್ತಿದರು, ಸಭೆಯೆಲ್ಲ ಎದ್ದು ನಿಂತಿತು. ಯಾರೋ ಬೀಸಣಿಗೆಯಿಂದ ನನಗೆ ಗಾಳಿ ಹಾಕಿದರು, ಪಾಸ್ಟರ್ ಅತ್ತುಬಿಟ್ಟ. ಮುಕ್ಕಾಲು ಗಂಟೆ ನಡೆಯಿತು ಅದು. ನನ್ನ ತಂಗಿಗೆ ಸಿಗದಿದ್ದ ಅಪ್ಪುಗೆಯೆಲ್ಲ ನನಗೆ ಸಿಕ್ಕಿತು. ಎದೆ ಹಗುರಾಯಿತು, ಅದನ್ನು ಮುಚ್ಚಿಡುವುದಿಲ್ಲ. ಒಬ್ಬರ ಹೆಗಲ ಮೇಲಿಂದ ಕೆಟೂರಾ ಕಂಡಳು. ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಮಗಳ ಕೈ ಹಿಡಿದು ಕೂತಿದ್ದಳು. ಅವರ ಅಕ್ಕಪಕ್ಕ ಯಾರೂ ಇರಲಿಲ್ಲ. ಎಲ್ಲರೂ ಎದ್ದು ನನ್ನ ಸಾಲಿಗೆ ಬಂದಿದ್ದರು. ನನ್ನನ್ನಲ್ಲ, ಅವಳನ್ನು ಹೋಗಿ ತಬ್ಬಿಕೊಳ್ಳಿ ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಳುವುದರಲ್ಲಿ ಹಾಯಾಗಿದ್ದೆ.

ಮಧ್ಯಾಹ್ನ ನನ್ನ ಮನೆಗೆ ಏಳು ಪಾತ್ರೆ ಬಂದವು: ಕೆಂಪು ಅನ್ನ, ಏಡಿ, ಬೆಂಡೆಕಾಯಿ ಸಾರು, ಗೆಣಸಿನ ಪೈ ಒಂದಲ್ಲ ಮೂರು. ಯಾರೋ ನಾನು ನಿಂತದ್ದನ್ನು ವೀಡಿಯೋ ಮಾಡಿದ್ದರು. ಅದನ್ನು ನೋಡಿದವರೆಲ್ಲ ಎಂಥ ದೊಡ್ಡ ಮನಸ್ಸು ಈ ತಾಯಿಯದು ಎಂದು ಬರೆದರಂತೆ. ಕೆಟೂರಾಳ ಮನೆಗೆ ಒಂದು ಪಾತ್ರೆಯೂ ಹೋಗಲಿಲ್ಲ ಎಂದು ನನಗೆ ಸಂಜೆ ತಿಳಿಯಿತು.

ಮಂಗಳವಾರದ ಮತದಾನ ನಾನು ದುಡಿದ ಶಾಲೆಯ ಊಟದ ಹಾಲಿನಲ್ಲೇ. ನಾನು ವೋಟು ಹಾಕಿ ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದೆ. ಲೂವೀನಿಯಾ ಬಂದು ಪಕ್ಕದಲ್ಲಿ ಕೂತು ನನ್ನ ಕೈ ತೆಗೆದುಕೊಂಡು ತಮ್ಮ ಮಡಿಲಲ್ಲಿಟ್ಟುಕೊಂಡರು.

"ನಿನ್ನ ಮೇಲೆ ನನಗೇನೂ ಇಲ್ಲ ವರ್ಡೆಲ್. ಭಾನುವಾರವೇ ಮನಸ್ಸು ತೊಳ್ಕೊಂಡೆ," ಎಂದರು. "ಆದ್ರೆ ಅವಳಿಗೆ ಹಾಕೋಕೆ ಕೈ ಬರ್ಲಿಲ್ಲ ಕಣೆ. ಚೀಟೀಲಿ ಬೇರೆ ಸ್ಥಾನಗಳಿಗೆಲ್ಲ ಹಾಕಿ, ಆ ಒಂದು ಜಾಗ ಖಾಲಿ ಬಿಟ್ಟು ಬಂದೆ. ಸುಳ್ಳು ಅಂತ ಗೊತ್ತು. ಆದ್ರೂ ಆ ಧ್ವನಿ ಕಿವಿಯಿಂದ ಹೋಗ್ತಿಲ್ಲ. ನನ್ನ ಮಕ್ಕಳು ಅಲ್ಲಿ ಮಲಗಿದಾರೆ, ನಾನೇನ್ ಮಾಡ್ಲಿ?"

ನಾನು ಕೈ ಬಿಡಿಸಿಕೊಳ್ಳಬೇಕಿತ್ತು. ನನ್ನನ್ನು ಕ್ಷಮಿಸಿದ ಕೈ ಅದು, ಬಿಡಿಸಿಕೊಳ್ಳಲಿಲ್ಲ.

ಎಂಬತ್ತೆಂಟು ವೋಟಿನಿಂದ ಕೆಟೂರಾ ಸೋತಳು. ಗೇಟಿನೊಳಗಿನವರು ಅವಳಿಗೆ ಹಾಕುವವರಲ್ಲ ಎನ್ನುವುದು ಮೊದಲೇ ಗೊತ್ತಿತ್ತು, ಅವರಿಂದ ಸೋಲಲಿಲ್ಲ. ನಮ್ಮ ಕಡೆ ಆ ಒಂದು ಜಾಗ ಖಾಲಿ ಬಿಟ್ಟ ಚೀಟಿಗಳು ಇನ್ನೂರಕ್ಕೂ ಮೇಲಿದ್ದವು.

ಬುಧವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ಊರೆಲ್ಲ ಸುತ್ತಿ ಕಿತ್ತು ತಂದ ಬೋರ್ಡುಗಳನ್ನು ಅಂಗಳದಲ್ಲಿ ರಾಶಿ ಹಾಕಿ, ಒಂದೊಂದರ ಕಂಬಿಯನ್ನೂ ಕೀಳುತ್ತಿದ್ದಳು. ಕೆಲವಕ್ಕೆ ಯಾರೋ ಮಸಿ ಬಳಿದಿದ್ದರು, ಕೆಲವನ್ನು ಕಾಲಿನಿಂದ ಒದ್ದಿದ್ದರು. ನಾನೂ ಪಕ್ಕದಲ್ಲಿ ಕೂತು ಕೀಳತೊಡಗಿದೆ. ಅವಳು ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಎಲ್ಲರ ಮನಸ್ಸೂ ಮೆಲ್ಲಗೆ ತಿಳಿಯಾಗುತ್ತದೆ, ನನ್ನ ಹತ್ತಿರ ಬಂದ ಹಾಗೆ ನಿನ್ನ ಹತ್ತಿರವೂ ಒಬ್ಬೊಬ್ಬರೇ ಬರುತ್ತಾರೆ ನೋಡು ಎಂದೆ.

ಅವಳು ಗಂಟಲು ಸರಿ ಮಾಡಿಕೊಂಡಳು.

"ನಿಮ್ಮನ್ನ ಕ್ಷಮಿಸಿದ್ರು ಆಂಟಿ, ಒಳ್ಳೇದಾಯ್ತು. ನೀವು ತಪ್ಪು ಮಾಡಿದ್ರಿ, ಅವರಿಗೆ ಕ್ಷಮಿಸೋಕೆ ಒಂದು ದಾರಿ ಇತ್ತು. ನಾನು ಏನೂ ಮಾಡಿಲ್ವಲ್ಲ. ನನ್ನನ್ನ ಏನಂತ ಕ್ಷಮಿಸ್ತಾರೆ?"

ಕೋಪದಿಂದ ಹೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ನಾನು ಕೈಯಲ್ಲಿದ್ದ ಬೋರ್ಡಿನ ಕಂಬಿ ಕಿತ್ತು, ಅವಳ ಮುಖ ಕೆಳಗಾಗುವ ಹಾಗೆ ರಾಶಿಯ ಮೇಲಿಟ್ಟು, ಇನ್ನೊಂದನ್ನು ತೆಗೆದುಕೊಂಡೆ.